ಸೆಪ್ಟೆಂಬರ್ ಹದಿನೇಳರ ಹಾಳೆ

ಮಗನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ, ಮೆಕ್ಕೆಜೋಳದ ರೊಟ್ಟಿಯನ್ನು ಓವನ್‌ನಲ್ಲಿಟ್ಟು ಕೈ ಒರೆಸಿಕೊಳ್ಳುತ್ತಿದ್ದಾಗ, ಈ ಮನೆಯಲ್ಲಿ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ವಾಸನೆ ವರ್ಲೀನ್ ಗೇಟ್‌ವುಡ್‌ಗೆ ಹತ್ತಿತು.

ಹಾಗನ್ನಿಸಿದ್ದು ಕೋಲ್ಬಿಯಿಂದ. ಕೋಲ್ಬಿ ಅವಳ ಮಗ ಲೆಮ್‌ನ ಜೊತೆಗೆ ಆ ಮನೆ ಹಂಚಿಕೊಂಡಿದ್ದ ಹುಡುಗ. ಇಬ್ಬರೂ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದವರು, ಇಬ್ಬರೂ ಎದುರಾಳಿಯನ್ನು ತಡೆಯುವ ಲೈನ್‌ಬ್ಯಾಕರ್‌ಗಳು. ಲೆಮ್ ಬಿದ್ದ ಮೇಲೆ ಅವನ ಜಾಗದಲ್ಲಿ ಈಗ ಕೋಲ್ಬಿ ಆಡುತ್ತಿದ್ದ. ಆವತ್ತು ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದ: "ಅವನಮ್ಮಂಗೆ ಗೊತ್ತಾದ್ರೆ ಮುಗೀತು ಕಣೋ, ಯಾರನ್ನೂ ಬಿಡಲ್ಲ ಅವರು."

ವರ್ಲೀನ್ ಬಾಗಿಲು ಸರಿಸಿದಳು. ಅವನು ಫೋನನ್ನು ಜೇಬಿಗೆ ತುರುಕಿ, ಕೇಳದೆಯೇ ಹೇಳಿದ: "ಹವಾಮಾನದ ವಿಷ್ಯ ಮಾತಾಡ್ತಿದ್ದೆ ಮಿಸ್ ವರ್ಲೀನ್. ರೊಟ್ಟಿ ಘಮ್ ಅಂತಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವಿನ ತನ್ನೂರಿನಲ್ಲಿ ವರ್ಲೀನ್ ಹತ್ತೊಂಬತ್ತು ವರ್ಷದಿಂದ ಶಾಲಾ ಬಸ್ಸು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಯಾರು ಯಾರ ಟೋಪಿ ಕಿತ್ತರು, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಅವಳಿಗೆ ತಿರುಗಿ ನೋಡದೆಯೇ ತಿಳಿಯುತ್ತಿತ್ತು. ಹತ್ತು ದಿನ ರಜೆ ಹಾಕಿ ಮಗನ ಆರೈಕೆಗೆ ಬಂದವಳಿಗೆ ಈಗ ಇನ್ನೊಂದು ಕೆಲಸ ಸಿಕ್ಕಂತಾಯಿತು.

ಆ ಮನೆಗೆ ತಪ್ಪದೆ ಬರುತ್ತಿದ್ದ ಇನ್ನೊಬ್ಬನೆಂದರೆ ಆರ್ವಿಲ್ ಸ್ಟ್ರೌಡ್. ತಂಡದ ಫಿಸಿಯೋ. ಅರವತ್ತು ದಾಟಿದ ಬಿಳಿ ಮನುಷ್ಯ, ದೊಡ್ಡ ಕೈ, ಸಣ್ಣ ದನಿ. ದಿನಾ ಹನ್ನೊಂದು ಗಂಟೆಗೆ ಬಂದು ಲೆಮ್‌ನ ಕಾಲನ್ನು ಒಂದೊಂದೇ ಅಂಗುಲ ಮಡಿಸಿ, ಮಂಜುಗಡ್ಡೆಯ ಚೀಲ ಕಟ್ಟಿ, ಹೆಂಡತಿ ಮಾಡಿಕೊಟ್ಟ ಕೋಳಿ ಸಾರಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಅವನು ಬಂದರೆ ಲೆಮ್‌ನ ಮುಖ ಅರಳುತ್ತಿತ್ತು. ಇಂಥವರು ನಾಲ್ಕು ಜನ ಇದ್ದರೆ ಸಾಕು ಎಂದುಕೊಂಡಿದ್ದಳು ವರ್ಲೀನ್. ಕೋಚ್ ಹ್ಯಾಲೊರನ್ ಮಾತ್ರ ಒಂದು ಸಲವೂ ಬಂದಿರಲಿಲ್ಲ. ಬಿಳಿ ಹೂವಿನ ದೊಡ್ಡ ಬುಟ್ಟಿ ಕಳಿಸಿದ್ದ.

"ಸತ್ತ ಮನೆಗೆ ಕಳಿಸೋ ಹೂವು ಇದು," ಎಂದು ಅವಳು ಬುಟ್ಟಿಯನ್ನು ಕಸದ ಡಬ್ಬಿಯ ಪಕ್ಕಕ್ಕೆ ಇಟ್ಟಿದ್ದಳು.

ಐದನೆಯ ದಿನ ಕಾಗದ ಬಂತು. ಅದು ಲೆಮ್‌ಗೆ ಕಾಲೇಜಿನ ನಾಲ್ಕನೆಯ ವರ್ಷ, ಆಡಲು ಕೊನೆಯ ವರ್ಷ. ಆಟದ ಋತುವಿನ ಮೊದಲರ್ಧದಲ್ಲೇ ಗಾಯವಾಗಿ, ಹನ್ನೆರಡು ಪಂದ್ಯಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ಆಡಿರದಿದ್ದರೆ, ಆ ವರ್ಷ ಎಣಿಕೆಗೆ ಬರುವುದಿಲ್ಲ. ಇನ್ನೊಂದು ವರ್ಷ ಆಡಬಹುದು. ಎಲ್ಲರೂ ಅದನ್ನು ವೈದ್ಯಕೀಯ ರೆಡ್‌ಶರ್ಟ್ ಎನ್ನುತ್ತಾರೆ. ಲೆಮ್ ಆಡಿದ್ದು ಸರಿಯಾಗಿ ನಾಲ್ಕು ಪಂದ್ಯ. ಆದರೆ ನಿಯಮಪಾಲನೆ ಕಚೇರಿಯ ಮಿಸೆಸ್ ಟೋಲ್ಬರ್ಟ್ ಬರೆದಿದ್ದಳು: ನಿಮ್ಮ ಮೊಣಕಾಲಿಗೆ ಪೆಟ್ಟಾದದ್ದು ಅಕ್ಟೋಬರ್ ಹದಿನೆಂಟರ ಅಭ್ಯಾಸದಲ್ಲಿ, ಅಷ್ಟರಲ್ಲಿ ಏಳು ಪಂದ್ಯ ಮುಗಿದಿದ್ದವು, ಆದ್ದರಿಂದ ಅರ್ಜಿ ಹಾಕಲು ಬರುವುದಿಲ್ಲ.

ವರ್ಲೀನ್ ಕಾಗದವನ್ನು ಎರಡು ಸಲ ಓದಿದಳು. "ಅಕ್ಟೋಬರ್? ಮೂರನೇ ಪಂದ್ಯದಲ್ಲಿ ನೀನು ಕುಂಟ್ಕೊಂಡು ಹೊರಗೆ ಬಂದಿದ್ದನ್ನ ನಾನು ಟಿವಿಲಿ ನೋಡಿದೀನಿ. ಅದು ಸೆಪ್ಟೆಂಬರ್."

ಸೋಫಾದಲ್ಲಿ ಕಾಲು ಚಾಚಿ ಮಲಗಿದ್ದ ಲೆಮ್ ಚಾವಣಿ ನೋಡುತ್ತಿದ್ದ. "ಅದು ತೊಡೆ ಉಳುಕಿದ್ದು ಅಮ್ಮಾ. ಬಿಟ್ಬಿಡು."

"ಬಿಟ್ಬಿಡೋದಾ? ಒಂದು ವರ್ಷ ಕಣೋ! ಆರನೇ ಕ್ಲಾಸಿಂದ ಇದಕ್ಕೇ ಅಂತ ಬೆವರು ಸುರಿಸಿದೀಯ!"

"ಹೋಗ್ಲಿ ಬಿಡು ಅಂದೆ. ಡಿಗ್ರಿ ಸಿಗುತ್ತೆ. ಸಾಕು."

ಸಾಕು ಎನ್ನುವ ಮಾತು ಈ ಹುಡುಗನ ಬಾಯಲ್ಲಿ ಹುಟ್ಟಿದಾಗಿನಿಂದ ಅವಳು ಕೇಳಿರಲಿಲ್ಲ. ಯಾರೋ ಹೆದರಿಸಿದ್ದಾರೆ ಅಂದುಕೊಂಡಳು. ಬೇರೆ ಕಡೆಯಿಂದ ಹೊಸ ಆಟಗಾರನನ್ನು ತರಲು ಕೋಚ್‌ಗೆ ಜಾಗ ಬೇಕಾಗಿದೆ. ಕೋಲ್ಬಿಗೆ ಲೆಮ್‌ನ ಜಾಗ ಬೇಕಾಗಿದೆ. ಇಬ್ಬರೂ ಸೇರಿ ಮಗನ ಬಾಯಿ ಕಟ್ಟಿದ್ದಾರೆ. ಫೋನ್ ತೆಗೆದು ಹಳೆಯ ಫೋಟೋಗಳನ್ನು ಹುಡುಕಿದಳು. ಸೆಪ್ಟೆಂಬರ್ ಕೊನೆಯಲ್ಲಿ ಲೆಮ್ ಕಳಿಸಿದ್ದ ಫೋಟೋ ಒಂದಿತ್ತು: ಹಲ್ಲು ಕಿರಿಯುತ್ತಾ ಪಿಜ್ಜಾ ಎತ್ತಿ ಹಿಡಿದಿದ್ದಾನೆ. ಅವಳು ನೋಡಿದ್ದು ಪಿಜ್ಜಾವನ್ನಲ್ಲ. ಮಂಜುಗಡ್ಡೆಯ ಚೀಲ ಕಟ್ಟಿದ್ದು ತೊಡೆಗಲ್ಲ, ಮೊಣಕಾಲಿಗೆ.

ಮರುದಿನ ಬೆಳಿಗ್ಗೆ ಮಗನಿಗೆ ಹೇಳದೆ, ಚರ್ಚಿಗೆ ಹಾಕಿಕೊಳ್ಳುವ ನೀಲಿ ಕೋಟು ತೊಟ್ಟು ಮಿಸೆಸ್ ಟೋಲ್ಬರ್ಟ್‌ಳ ಕಚೇರಿಗೆ ಹೋದಳು. ಆ ಹೆಂಗಸು ಒಳ್ಳೆಯವಳೇ. ಕುರ್ಚಿ ಕೊಟ್ಟಳು, ಕಾಫಿ ಕೊಟ್ಟಳು, ಉತ್ತರ ಮಾತ್ರ ಕೊಡಲಿಲ್ಲ.

"ಫೈಲು ನಿಮ್ಮ ಮಗನದ್ದು. ಅವರು ಸಹಿ ಹಾಕಿ ಕೇಳಿದ್ರೆ ಮಾತ್ರ ಕೊಡಬಹುದು ಮೇಡಂ. ಒಂದು ಮಾತು ಹೇಳ್ತೀನಿ. ಸೆಪ್ಟೆಂಬರಲ್ಲೇ ಮೊಣಕಾಲು ಕೆಟ್ಟಿತ್ತು ಅಂತ ಆಗ್ಲೇ ಬರೆದ ಒಂದು ಚೀಟಿ ಇದ್ರೂ ಸಾಕು, ನಾನೇ ಅರ್ಜಿ ಕಳಿಸ್ತೀನಿ. ಆದ್ರೆ ಆಗ ಬರೆದದ್ದಾಗಿರಬೇಕು. ಈಗ ಬರೆದದ್ದು ನಡೆಯಲ್ಲ."

"ಬರೆದಿಡೋರು ಯಾರು?"

"ಫಿಸಿಯೋ. ದಿನಾ ಒಂದೊಂದು ಹಾಳೆ."

ಹಾಗಾದರೆ ಆ ಹಾಳೆಯನ್ನು ಯಾರೋ ಮಾಯ ಮಾಡಿದ್ದಾರೆ. ಪಾಪ, ಸ್ಟ್ರೌಡ್ ಬರೆದಿರುತ್ತಾನೆ, ಕೋಚ್ ತೆಗೆಸಿರುತ್ತಾನೆ. ದಾರಿಯುದ್ದಕ್ಕೂ ಅವಳು ಇದನ್ನೇ ಹೊಸೆಯುತ್ತಾ ಬಂದಳು. ಮನೆಯ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕೋಲ್ಬಿ ಸಿಕ್ಕ. ಅಭ್ಯಾಸಕ್ಕೆ ಹೊರಟಿದ್ದ. ಅವಳು ತನ್ನ ಕಾರನ್ನು ಅವನ ಕಾರಿನ ಹಿಂದೆಯೇ ಅಡ್ಡ ನಿಲ್ಲಿಸಿ ಇಳಿದಳು.

"ನನ್ನ ಮಗನ ಜಾಗದಲ್ಲಿ ಆಡೋಕೆ ಹೇಗನ್ಸತ್ತೆ ಕೋಲ್ಬಿ?"

"ಮಿಸ್ ವರ್ಲೀನ್, ನಂಗೆ ಲೇಟಾಗ್ತಿದೆ..."

"ಬಸ್ ಡ್ರೈವರ್ ಮುಂದೆ ಲೇಟಿನ ಕಥೆ ಹೇಳ್ಬೇಡ. ನಂಗೆ ಗೊತ್ತಾದ್ರೆ ಏನು ಮುಗಿಯೋದು? ಬಾಯ್ಬಿಡು."

ಆರಡಿ ಮೂರಂಗುಲದ ಆ ಹುಡುಗ ಕಾರಿಗೆ ಒರಗಿದ. ಅವನ ಕಿವಿ ಕೆಂಪಾಗಿತ್ತು. "ನಾನೇನೂ ಮಾಡಿಲ್ಲ. ಸುಮ್ನಿದ್ದೆ, ಅಷ್ಟೇ. ಮೂರನೇ ಪಂದ್ಯದ ಮಾರನೇ ದಿನ ನಾನೂ ಚಿಕಿತ್ಸೆ ರೂಮಲ್ಲೇ ಇದ್ದೆ. ಸ್ಟ್ರೌಡ್ ಅವನ ಮೊಣಕಾಲನ್ನ ಎಳೆದು ನೋಡಿದ್ರು. ಲಿಗಮೆಂಟ್ ಹೋಗಿರ್ಬೇಕು ಅಂದ್ರು. ಹಾಳೆ ಮೇಲೆ ಬರೆದ್ರು. ನನ್ನ ಕಣ್ಣಾರೆ ನೋಡಿದೀನಿ."

"ಆ ಹಾಳೆ ಎಲ್ಲಿ?"

"ಅವರನ್ನೇ ಕೇಳಿ." ಅವನು ತಲೆ ತಗ್ಗಿಸಿದ. "ಉಳಿದದ್ದನ್ನೂ ಅವರೇ ಹೇಳ್ಲಿ. ನಾನು ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ? ಕೋಚ್‌ಗಾ?"

ಕೋಲ್ಬಿ ಅವಳನ್ನು ಕನಿಕರದಿಂದ ನೋಡಿದ. ಆ ನೋಟ ಅವಳಿಗೆ ಹಿಡಿಸಲಿಲ್ಲ.

ಚಿಕಿತ್ಸೆಯ ಕೋಣೆ ಕ್ರೀಡಾಂಗಣದ ಕೆಳಗಿತ್ತು. ನೋವಿನ ಮುಲಾಮಿನ ಘಾಟು, ಸಾಲು ಮೇಜುಗಳು. ಹುಡುಗರೆಲ್ಲ ಮೈದಾನಕ್ಕೆ ಹೋಗಿದ್ದರಿಂದ ಸ್ಟ್ರೌಡ್ ಒಬ್ಬನೇ ಬ್ಯಾಂಡೇಜ್ ಸುತ್ತಿಡುತ್ತಿದ್ದ. ನೀಲಿ ಕೋಟು ನೋಡಿದ ತಕ್ಷಣ ಅವನಿಗೆ ಅರ್ಥವಾದಂತಿತ್ತು. ಸುತ್ತುತ್ತಿದ್ದುದನ್ನು ಕೆಳಗಿಟ್ಟ.

"ಸೆಪ್ಟೆಂಬರ್ ಹದಿನೇಳು, ಭಾನುವಾರ," ಎಂದಳು ವರ್ಲೀನ್. "ಹಾಳೆ ಕೊಡಿ."

ಇಲ್ಲ ಅನ್ನುತ್ತಾನೆ, ಕೋಚ್‌ನ ಹೆಸರು ಹೇಳುತ್ತಾನೆ, ಕಳೆದುಹೋಯಿತು ಅನ್ನುತ್ತಾನೆ. ಮೂರಕ್ಕೂ ಅವಳ ಹತ್ತಿರ ಉತ್ತರ ಸಿದ್ಧವಿತ್ತು. ಸ್ಟ್ರೌಡ್ ಒಂದನ್ನೂ ಹೇಳಲಿಲ್ಲ. ಮೇಜಿನ ಕೆಳಗಿನ ಡ್ರಾಯರ್ ಎಳೆದು, ಕಡತಗಳ ಅಡಿಯಿಂದ ಒಂದು ಹಾಳೆ ತೆಗೆದ.

"ಹರಿದು ಹಾಕೋಣ ಅಂತ ಮೂರು ಸಲ ತೆಗೆದಿದ್ದೆ. ಕೈ ಬರ್ಲಿಲ್ಲ," ಎಂದ. "ಓದೋದಕ್ಕೆ ಮುಂಚೆ ಕೂತ್ಕೊಳ್ಳಿ."

"ನಿಂತೇ ಓದೋ ಅಭ್ಯಾಸ ನಂಗೆ."

ಕೈಬರಹ ದುಂಡಗಿತ್ತು. ಬಲ ಮೊಣಕಾಲು ಮುಂದಕ್ಕೆ ಸಡಿಲ. ಲಿಗಮೆಂಟ್ ಹರಿದಿರುವ ಶಂಕೆ. ಕೂಡಲೇ ಸ್ಕ್ಯಾನ್ ಆಗಬೇಕು, ಅಲ್ಲಿಯವರೆಗೆ ಆಡಕೂಡದು ಎಂದು ಹೇಳಿದೆ. ಆಟಗಾರ ಒಪ್ಪಲಿಲ್ಲ. ಅದರ ಕೆಳಗೆ ಒಂದು ಸಹಿ. ಎಲ್ ಅಕ್ಷರದ ಬಾಲವನ್ನು ಎಳೆದು ಸುತ್ತುವ ಆ ಸಹಿಯನ್ನು ಅಡುಗೆಮನೆಯ ಮೇಜಿನ ಮೇಲೆ ಕೂರಿಸಿ ಕಲಿಸಿದವಳು ಅವಳೇ.

ವರ್ಲೀನ್ ಕೂತಳು.

"ಮುಂದಿನ ಶನಿವಾರ ಸಂಬಳ ಕೊಟ್ಟು ಆಡಿಸೋ ದೊಡ್ಡ ಲೀಗಿನೋರು ಆಟಗಾರರನ್ನ ನೋಡೋಕೆ ಬರ್ತಿದ್ರು," ಎಂದ ಸ್ಟ್ರೌಡ್. "ಒಂದೇ ಒಂದು ಪಂದ್ಯ, ಆಮೇಲೆ ಸ್ಕ್ಯಾನ್ ಮಾಡಿಸ್ಕೊಳ್ತೀನಿ, ಅಮ್ಮಂಗೆ ಹೇಳ್ಬೇಡಿ ಅಂತ ಇದೇ ಮೇಜಿನ ಮೇಲೆ ಕೂತು ಅತ್ತ. ನಾನು ಅವನ ಮಾತು ಕೇಳ್ಬಾರದಿತ್ತು. ಆಡೋಕೆ ಬಿಡ್ಲೂ ಬಾರದಿತ್ತು. ಬಿಟ್ಟೆ. ಪಟ್ಟಿ ಬಿಗಿದು ಕಳಿಸಿದ್ದೂ ನಾನೇ. ಪಂದ್ಯ ಆದ್ಮೇಲೆ ಕಾಲು ಬಾತು ಕುಂಬಳಕಾಯಿ ಆಗಿತ್ತು. ಇದು ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಅಂತ ತೊಡೆ ಉಳುಕು ಅಂತ ಬರೆದು ಅವನನ್ನ ಹೊರಗೆ ಕೂರಿಸ್ದೆ. ವಿಶ್ರಾಂತಿ ಕೊಟ್ರೆ ತಡೆಯುತ್ತೇನೋ ಅನ್ನೋ ಆಸೆ. ಅಕ್ಟೋಬರಲ್ಲಿ ಪೂರ್ತಿ ಕೈಕೊಡ್ತು."

"ಕೋಚ್‌ಗೆ?"

"ನಾನು ಹೇಳ್ಲಿಲ್ಲ. ಅವರು ಕೇಳ್ಲಿಲ್ಲ."

"ಕೇಳದೇ ಇರೋದೂ ಒಂದು ಜಾಣತನ," ಎಂದಳು ಅವಳು. ಆಮೇಲೆ ತಟ್ಟನೆ ಕತ್ತೆತ್ತಿದಳು. "ಈಗ ಯಾಕೆ ಕೊಡ್ತಿದೀರ? ನಾನು ಟೋಲ್ಬರ್ಟ್ ಹತ್ರ ಹೋಗಿದ್ದು ಗೊತ್ತಾಯ್ತಾ?"

"ಗೊತ್ತಿರ್ಲಿಲ್ಲ. ನಿಮ್ಮ ಮಗ ವರ್ಷ ಹೋದ್ರೂ ಪರವಾಗಿಲ್ಲ, ನಿಮ್ಮ ಹೆಸರು ಬರೋದು ಬೇಡ ಸ್ಟ್ರೌಡ್ ಅಂತ ನಿನ್ನೆ ನಂಗೆ ಹೇಳ್ದ. ಆಗಿಂದ ನಿದ್ದೆ ಬಂದಿಲ್ಲ."

ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ. ಮನಸ್ಸು ಬದಲಾಯಿಸಿಯಾನು ಎಂದು ಹಾಳೆಯ ಎರಡೂ ಮಗ್ಗುಲಿನ ಫೋಟೋವನ್ನು ಅಲ್ಲೇ ಫೋನಿನಲ್ಲಿ ತೆಗೆದುಕೊಂಡಳು. ಹಿಂದಿನ ಮಗ್ಗುಲು ಖಾಲಿಯಿತ್ತು, ಆದರೂ ತೆಗೆದಳು. ಆಮೇಲೆ ಹಾಳೆಯನ್ನು ಅವನ ಕೈಗೇ ಹಿಂತಿರುಗಿಸಿದಳು.

"ನೀವೇ ಕೊಂಡೊಯ್ದು ಕೊಡಿ. ನಾನು ಕೊಟ್ರೆ ತಿದ್ದಿದ್ದು ಅಂತಾರೆ. ಸಂಜೆ ಐದರೊಳಗೆ. ಐದೂವರೆಗೆ ನಾನು ಫೋನ್ ಮಾಡಿ ಕೇಳ್ತೀನಿ."

ಮನೆಗೆ ಬಂದಾಗ ಲೆಮ್ ಊರುಗೋಲು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದ. ಕೋಲ್ಬಿ ಅವನಿಗೆ ಆಗಲೇ ಸುದ್ದಿ ಮುಟ್ಟಿಸಿದ್ದ. ಅವಳು ಕೋಟು ಬಿಚ್ಚಲಿಲ್ಲ.

"ಊರಲ್ಲಿರೋರನ್ನೆಲ್ಲ ಅನುಮಾನಿಸ್ದೆ ಕಣೋ. ಕೋಚ್‌ನ, ಕೋಲ್ಬಿನ. ಆ ಕಚೇರಿ ಹೆಂಗಸು ಕೊಟ್ಟ ಕಾಫಿಯನ್ನೂ ಮೂಸಿ ನೋಡಿ ಕುಡಿದೆ. ನಿನ್ನೊಬ್ಬನ್ನ ಬಿಟ್ಟು."

"ನೀನು ಆಡೋಕೆ ಬಿಡ್ತಿರ್ಲಿಲ್ಲ ಅಮ್ಮಾ."

"ಬಿಡ್ತಿರ್ಲಿಲ್ಲ!"

"ಅದಕ್ಕೇ ಹೇಳ್ಲಿಲ್ಲ." ಅವನು ಮೇಜಿಗೆ ಒರಗಿದ. "ಸ್ಟ್ರೌಡ್ ಮೇಲೆ ದೂರು ಕೊಡ್ಬೇಡ. ಬೇಡಿಕೊಂಡೋನು ನಾನು."

"ಬೇಡ್ಕೊಂಡೋನಿಗೆ ಇಪ್ಪತ್ತೊಂದು ವರ್ಷ. ಕೊಟ್ಟೋನಿಗೆ ಅರವತ್ತು. ನಾನು ದೂರು ಕೊಡಲ್ಲ. ಅವನೇ ಹೋಗಿ ಹೇಳ್ತಾನೆ. ಹೇಳ್ದೇ ಇದ್ರೆ ಆಮೇಲೆ ನೋಡ್ಕೋತೀನಿ."

ಐದೂವರೆಗೆ ಫೋನ್ ಮಾಡಿದಳು. ಹಾಳೆ ತಲುಪಿದೆ, ಅದರ ಜೊತೆಗೆ ಎರಡು ಪುಟದ ಹೇಳಿಕೆಯನ್ನೂ ಸ್ಟ್ರೌಡ್ ಬರೆದುಕೊಟ್ಟಿದ್ದಾನೆ ಎಂದಳು ಮಿಸೆಸ್ ಟೋಲ್ಬರ್ಟ್.

ಮಾರ್ಚ್ ತಿಂಗಳಲ್ಲಿ ಒಪ್ಪಿಗೆಯ ಪತ್ರ ಬಂತು. ಲೆಮ್‌ಗೆ ಇನ್ನೊಂದು ವರ್ಷ ಸಿಕ್ಕಿತು. ಅಷ್ಟರಲ್ಲಿ ಸ್ಟ್ರೌಡ್ ಇಪ್ಪತ್ತೆರಡು ವರ್ಷದ ಕೆಲಸ ಬಿಟ್ಟು ಹೋಗಿದ್ದ. ಕೋಚ್ ಹ್ಯಾಲೊರನ್, ತನಗೇನೂ ತಿಳಿದಿರಲಿಲ್ಲವೆಂದು ವಿಚಾರಣೆಯಲ್ಲಿ ಹೇಳಿ, ತನ್ನ ಕುರ್ಚಿಯಲ್ಲೇ ಉಳಿದ. ಸ್ಟ್ರೌಡ್ ಹೋದ ಮೇಲೆ ಲೆಮ್ ಆರು ವಾರ ಅಮ್ಮನಿಗೆ ಫೋನ್ ಮಾಡಲಿಲ್ಲ. ವರ್ಲೀನ್‌ಳೂ ಮಾಡಲಿಲ್ಲ. ಈಸ್ಟರ್ ಭಾನುವಾರ ಅವನು ಕುಂಟದೆ ನಡೆದು ಊರ ಚರ್ಚಿಗೆ ಬಂದು ಅವಳ ಪಕ್ಕದಲ್ಲಿ ಕೂತ. ಊಟಕ್ಕೆ ಹ್ಯಾಮ್ ಬಡಿಸುವಾಗ ಅವಳು ತಟ್ಟೆಯ ಪಕ್ಕ ಒಂದು ಅರ್ಜಿ ಇಟ್ಟಳು: ಅವನ ಚಿಕಿತ್ಸೆಯ ಪ್ರತಿ ಹಾಳೆಯ ನಕಲೂ ತಾಯಿಗೆ ಬರಬೇಕು. ಅವನು ಓದಿ, ನಕ್ಕು, ಸಹಿ ಹಾಕಿದ. ಅವಳು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದಳು.

ಮುಂದಿನ ಋತುವಿನ ನಾಲ್ಕನೆಯ ಪಂದ್ಯದಲ್ಲಿ ಲೆಮ್ ತಾನಾಗಿಯೇ ಕೈ ಎತ್ತಿ ಮೈದಾನದಿಂದ ಹೊರಗೆ ನಡೆದ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಅಮ್ಮಾ, ಸ್ವಲ್ಪ ಊದಿದೆ. ನಾಳೆ ಸ್ಕ್ಯಾನ್. ನಾನೇ ಹೇಳ್ದೆ."

"ಯಾರು ಹೇಳ್ಕೊಟ್ರು ಹೀಗನ್ನು ಅಂತ?"

"ಯಾರೂ ಇಲ್ಲ ಅಮ್ಮಾ."

"ಸರಿ. ನಂಬಿದೆ," ಎಂದಳು ವರ್ಲೀನ್. ಫೋನ್ ಇಟ್ಟಳು. ಒಂದು ಗುಟುಕು ನೀರು ಕುಡಿದಳು. ಆಮೇಲೆ ಕೋಲ್ಬಿಗೆ ಫೋನ್ ಮಾಡಿದಳು.