ಮೂರನೆಯ ಚರಣ

ಮೈಕಿನ ಜಾಲರಿಯ ಮೇಲೆ ಹಸಿರು ಹುಳವೊಂದು ಹತ್ತುತ್ತಿದೆ, ಅಪ್ಪನ ಉಸಿರು ತಾಗಿದಾಗಲೆಲ್ಲ ನಿಂತು ಮತ್ತೆ ಹತ್ತುತ್ತದೆ, ಅಂದರೆ ಅಪ್ಪ ಹಾಡುತ್ತಲೇ ಇದ್ದಾನೆ, ಎರಡನೆಯ ಚರಣದ ಪದಗಳೆಲ್ಲ ಬಂದಿವೆ, ಅರ್ಲೀನಳ ಬೆರಳುಗಳು ಬ್ಯಾಂಜೊದ ಮೇಲೆ ತಾವಾಗಿಯೇ ಓಡುತ್ತಿವೆ, ಕಣ್ಣು ಮಾತ್ರ ಅಪ್ಪನ ಬಾಯಿಯ ಮೇಲೆ — ಹೋದ ವಾರ ಚರ್ಚಿನಲ್ಲಿ ಆ ಬಾಯಿ ತೆರೆದಂತೆಯೇ ನಿಂತಿತ್ತು, ಬಾಗಿಲು ತೆಗೆದಿಟ್ಟು ಮನೆಯವರೆಲ್ಲ ಎಲ್ಲೋ ಹೊರಟುಹೋದ ಹಾಗೆ, ಆಗ ಅವಳೇ ಮುಂದೆ ನುಗ್ಗಿ ಬ್ಯಾಂಜೊ ನುಡಿಸಿ ಮುಚ್ಚಿಹಾಕಿದ್ದಳು, ಜನ ಚಪ್ಪಾಳೆ ತಟ್ಟಿದ್ದರು, ಪಿಟೀಲಿನ ಹೋಬರ್ಟ್ ಚಿಕ್ಕಪ್ಪ ತಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಚಿಕ್ಕಪ್ಪ ಅವಳನ್ನು ಟ್ರಕ್ಕಿನ ಹಿಂದೆ ನಿಲ್ಲಿಸಿಕೊಂಡು, ನೋಡು ಅರ್ಲೀನ್, ಇವತ್ತೂ ನಿಮ್ಮಪ್ಪ ಮರೆತ್ರೆ ಮುಂದಿನ ಶನಿವಾರದಿಂದ ನಾನೇ ಹಾಡ್ತೀನಿ, ಅವನು ಮನೇಲಿ ಕೂತ್ಕೊಳ್ಳಲಿ, ನಂಗೇನು ಖುಷೀನಾ, ನನ್ನ ಅಣ್ಣ ಅವನು, ಜನ ಮುಸಿಮುಸಿ ನಗೋದು ನೋಡಕ್ಕಾಗಲ್ಲ ಅಂದಿದ್ದ, ಅವಳು ಹೂಂ ಅಂದಿದ್ದಳು, ಅವಳು ಯಾವಾಗಲೂ ಹೂಂ ಅನ್ನುವವಳೇ, ಅಪ್ಪ, ಚಿಕ್ಕಪ್ಪ ಸೇರಿ ಶಾಲೆ ಬಿಡು, ನಮ್ಮ ಜೊತೆ ನುಡಿಸು ಅಂದಾಗಲೂ ಹೂಂ. ಮೂರನೆಯ ಚರಣ ಬರುತ್ತಿದೆ. ಗಣಿಯಲ್ಲಿ ಸತ್ತ ತನ್ನ ತಮ್ಮ ಕ್ಲೆಲ್‌ಗಾಗಿ ಅಪ್ಪನೇ ಕಟ್ಟಿದ ಹಾಡು, ಅವತ್ತು ಅಡುಗೆಮನೆಯಲ್ಲಿ ಬೀನ್ಸ್ ಬೇಯುತ್ತಿತ್ತು, ಅಪ್ಪ ಮೇಜು ತಟ್ಟುತ್ತ ಒಂದೊಂದೇ ಪದ ಹುಡುಕುತ್ತಿದ್ದ, ಅವಳು ಮೇಜಿನ ಕೆಳಗೆ ಕೂತು ಕೇಳುತ್ತಿದ್ದಳು, ದೀಪ ಆರಿದ ಮೇಲೆ ನನ್ನ ತಮ್ಮನನ್ನು ಕರೆದವರು ಯಾರು, ಅದೇ ಮೂರನೆಯ ಚರಣದ ಮೊದಲ ಸಾಲು — ದೀಪ, ಅಪ್ಪ, ದೀಪ — ಅಪ್ಪ ಮೈಕಿಗೆ ಬಗ್ಗಿದ, ಬಾಯಿ ತೆರೆಯಿತು, ಹುಳ ನಿಲ್ಲಲಿಲ್ಲ.

ನುಗ್ಗು, ಅವಳು ನುಗ್ಗಿದಳು, ಅಪ್ಪನ ಮೊಣಕೈ ಕೆಳಗಿನಿಂದ, ಎಲ್ಲರಿಗೂ ಇರುವುದು ಒಂದೇ ಮೈಕು, ಯಾರ ಸರದಿಯೋ ಅವರು ಒಳಗೆ, ಉಳಿದವರು ಹಿಂದೆ, ನುಡಿಸಿ ಸರಿದಳು, ಅಪ್ಪ ಬಂದ, ಬಾಯಿ ತೆರೆಯಿತು, ಇಲ್ಲ, ಮತ್ತೆ ನುಗ್ಗಿದಳು, ಮಡಿಚುವ ಕುರ್ಚಿಗಳಲ್ಲಿ ಕೂತವರಲ್ಲಿ ಯಾರೋ, ಈ ಹುಡುಗಿ ಬಿಡೋ ಹಾಗೆ ಕಾಣಲ್ವಲ್ಲ ಅಂದರು, ಮೂರನೆಯ ಸಲ ನುಗ್ಗಿದರೆ ಕುರುಡರಿಗೂ ಗೊತ್ತಾಗುತ್ತದೆ, ಕಿವಿಯಲ್ಲಿ ಪಿಸುಗುಟ್ಟೋಣವೆಂದರೆ ಈ ಮೈಕು ಪಿಸುಮಾತನ್ನೂ ಬೆಟ್ಟದವರೆಗೆ ಸಾರುತ್ತದೆ, ಚಿಕ್ಕಪ್ಪನ ಬಲಗಾಲು ನೆಲ ಬಿಟ್ಟು ಮೇಲೇಳುತ್ತಿದೆ, ಕಾಲೆತ್ತಿದರೆ ಹಾಡು ಮುಗಿಸಿ ಎಂದರ್ಥ, ಹಾಡಷ್ಟೇ ಅಲ್ಲ, ಅಪ್ಪನೂ ಮುಗಿದ ಹಾಗೆ, ಬೇಡ ಚಿಕ್ಕಪ್ಪ, ಕಾಲು ಇಳಿಸು, ಎಂದೂ ಒಬ್ಬಳೇ ಹಾಡದವಳು — ದೀಪ, ಎಂದು ಹಾಡಿಯೇಬಿಟ್ಟಳು, ಮೇಲಿನ ಸ್ಥಾಯಿಯಲ್ಲಿ, ಪಲ್ಲವಿಗೆ ಮಾತ್ರ ದನಿಗೂಡಿಸಬೇಕಾದವಳು ಎಣಿಕೆ ತಪ್ಪಿ ಮೊದಲೇ ಬಾಯಿಬಿಟ್ಟಂತೆ, ಹೊಸಬರು ಮಾಡುವ ತಪ್ಪು, ನಾಚಿ ಮುಖ ಕೆಂಪಾದಂತೆ ನಟಿಸಬೇಕೆಂದುಕೊಂಡಳು, ನಟಿಸಬೇಕಾಗಲಿಲ್ಲ. ಅಪ್ಪ ತಿರುಗಿ ನೋಡಿದ. ಮೈಕಿನಲ್ಲೇ, ನನ್ನ ಮಗಳಿಗೆ ಭಾರೀ ಅವಸರ, ನಾನಿನ್ನೂ ಸತ್ತಿಲ್ಲ ಕಣೇ ಅಂದ, ಕುರ್ಚಿಗಳೆಲ್ಲ ನಕ್ಕವು, ನಗಲಿ, ನನ್ನನ್ನು ನೋಡಿ ನಗಲಿ, ಚಿಕ್ಕಪ್ಪನ ಕಾಲು ನೆಲಕ್ಕೆ ಇಳಿಯಿತು, ಅಪ್ಪ ಹಾಡಿದ, ದೀಪ ಆರಿದ ಮೇಲೆ, ಪೂರ್ತಿ ಸಾಲು, ಆ ಹಳೆಯ ಬಿರುಸು ದನಿಯಲ್ಲಿ, ಬಂತು, ಎಲ್ಲವೂ ಬಂತು, ಇನ್ನು ಬರುತ್ತದೆ, ಎರಡನೆಯ ಸಾಲು ಕಲ್ಲು ಅನ್ನುವ ಪದದಿಂದ ಶುರು, ಕಲ್ಲು ಅಂದರೆ ಸಾಕು, ಅಪ್ಪನಿಗೆ ಗೊತ್ತು, ಅಪ್ಪನೇ ಕಟ್ಟಿದ್ದು — ಅಪ್ಪ ಜನರತ್ತ ನೋಡುತ್ತಿಲ್ಲ, ಬಾಯಿ ತೆರೆದಿದೆ, ಕಣ್ಣು ಅವಳ ತುಟಿಗಳ ಮೇಲಿದೆ, ಬಾಯಿ ತೆರೆದೇ ಇದೆ, ಕಾಯುತ್ತಿದೆ —