ಭಾವನ ಕಾರಿನ ಪೆಟ್ರೋಲ್ ಮುಳ್ಳು

ನಮ್ಮ ಭಾವ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಕೈಬಿಚ್ಚುತ್ತಿದ್ದುದು ಒಂದಕ್ಕೇ, ಅವರಪ್ಪ ಬಿಟ್ಟುಹೋದ ಐವತ್ತು ವರ್ಷದ ಹಳೇ ಕಾರಿಗೆ. ಮೂರು ತಿಂಗಳ ಹಿಂದೆ ಅದು ಸೇತುವೆಯ ಮೇಲೆ ನಿಂತುಹೋಯಿತು. ಬಾಗಿಲು ತೆರೆದು, ಒಂದು ಕೈ ಸ್ಟೇರಿಂಗ್ ಮೇಲಿಟ್ಟು ತಳ್ಳುತ್ತಿದ್ದ ಭಾವನನ್ನು ಲಾರಿಯೊಂದು ಬಾಗಿಲ ಸಮೇತ ಎಳೆದುಕೊಂಡು ಹೋಯಿತು.

ಗಾಡಿ ಯಾಕೆ ನಿಂತಿತೆಂದು ಎಲ್ಲರೂ ನನ್ನನ್ನೇ ಕೇಳಿದರು. ಮೆಕ್ಯಾನಿಕ್ ನಾನು ತಾನೆ. ಪೆಟ್ರೋಲ್ ಖಾಲಿಯಾಗಿತ್ತು ಎಂದುಬಿಟ್ಟೆ. ಜಿಪುಣತನವೇ ಜೀವ ತೆಗೆಯಿತೆಂದು ಹೆಣದ ಮುಂದೆಯೇ ಜನ ಪಿಸುಗುಟ್ಟಿದರು. ಅಕ್ಕನೂ ನಂಬಿದಳು, ಸತ್ತವನನ್ನು ದಿನಾ ಬೈಯತೊಡಗಿದಳು.

ನಿಜ ನನಗೆ ಗೊತ್ತಿತ್ತು. ಕೀಲಿ ತಿರುಗಿಸುವ ಇಗ್ನಿಷನ್ ಸ್ವಿಚ್ ಒಳಗೆ ಸವೆದು, ಗಾಡಿ ಕುಲುಕಿದಾಗಲೆಲ್ಲ ಕರೆಂಟ್ ತಪ್ಪಿ ಎಂಜಿನ್ ನಿಲ್ಲುತ್ತಿತ್ತು. ಭಾವ ಎರಡು ಸಲ ಹೇಳಿದ್ದರು. ಹೊಸ ಸ್ವಿಚ್ ನನ್ನ ಡ್ರಾಯರಿನಲ್ಲೇ ಬಿದ್ದಿತ್ತು. ಕೀಲಿ ಸ್ವಲ್ಪ ಅಲ್ಲಾಡಿಸಿ, ಹಿಡಿದುಕೊಳ್ಳುತ್ತದೆ, ನಾಳೆ ಹಾಕಿಕೊಡುತ್ತೇನೆ ಎಂದು ಸಾಗಹಾಕಿದ್ದೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ಅಕ್ಕನ ಮನೆ.

ಗಾಡಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ, ಓಡುವ ಹಾಗೆ ಮಾಡು ಎಂದು ಅಕ್ಕ ಇವತ್ತು ನನ್ನ ಗ್ಯಾರೇಜಿಗೆ ಬಂದು ಸೀಟಿನಲ್ಲಿ ಕೂತಳು. ಬೇರೆ ಬಾಗಿಲು ಮೊದಲೇ ಕೂರಿಸಿದ್ದೆ. ಬ್ಯಾಟರಿಯ ವೈರು ಬಿಚ್ಚಿ, ಡ್ಯಾಶ್‌ಬೋರ್ಡಿನ ಕೆಳಗೆ ತೂರಿ, ಹಳೇ ಸ್ವಿಚ್ಚಿನ ನಾಲ್ಕು ವೈರುಗಳನ್ನು ಒಂದೊಂದಾಗಿ ಹೊಸದಕ್ಕೆ ಬದಲಾಯಿಸಿದೆ. ಹಳೆಯದನ್ನು ಅವಳ ಕಣ್ಣಿಗೆ ಬೀಳದಂತೆ ಜೇಬಿಗೆ ಸೇರಿಸಿದೆ. ಬ್ಯಾಟರಿ ಮತ್ತೆ ಜೋಡಿಸಿ, ಕೀಲಿ ತಿರುಗಿಸಲು ಹೇಳಿದೆ.

ಅವಳು ಅರ್ಧ ತಿರುಗಿಸಿದಳು. ಕೆಂಪು ದೀಪ ಹತ್ತಿತು. ಅದರ ಪಕ್ಕದಲ್ಲಿ, ತಿಂಗಳುಗಟ್ಟಲೆ ಸೊನ್ನೆಯ ಮೇಲೆ ಮಲಗಿದ್ದ ಪೆಟ್ರೋಲ್ ಮುಳ್ಳು ನಿಧಾನವಾಗಿ ಏಳತೊಡಗಿತು. ಅದಕ್ಕೂ ಕರೆಂಟ್ ಹೋಗುವುದು ಇದೇ ಸ್ವಿಚ್ಚಿನಿಂದ. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದ ನನಗೆ, ಥೂ, ಅದೊಂದು ಹೊಳೆಯಲಿಲ್ಲ. ಮುಳ್ಳು ಕಾಲು ದಾಟಿತು, ಅರ್ಧ ದಾಟಿತು, ಮುಕ್ಕಾಲಿಗೆ ಬಂದು ನಿಂತಿತು.

“ಪೆಟ್ರೋಲ್ ನೀನು ಹಾಕಿಸಿದ್ಯಾ?” ಅಕ್ಕ ಕೇಳಿದಳು.

ಹೂಂ ಅನ್ನಬಹುದಿತ್ತು. ಬದಲಿಗೆ ಜೇಬಿನಿಂದ ಹಳೇ ಸ್ವಿಚ್ ತೆಗೆದು ಅವಳ ಕೈಗಿಟ್ಟು, ಎಲ್ಲವನ್ನೂ ಹೇಳಿದೆ.

ಅವಳು ಅದನ್ನು ಪಕ್ಕದ ಸೀಟಿನ ಮೇಲಿಟ್ಟಳು.

“ದಿನಾ ಬೆಳಿಗ್ಗೆ ಅವ್ರ ಫೋಟೋ ಮುಂದೆ ನಿಂತು ಬೈತಿದ್ದೆ ಕಣೋ. ನೀನು ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ದೆ.”

ಕೀಲಿಯನ್ನು ಪೂರ್ತಿ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ನನ್ನನ್ನು ಅಲ್ಲೇ ಬಿಟ್ಟು ಓಡಿಸಿಕೊಂಡು ಹೊರಟಳು. ಗೇಟಿನ ಬಳಿಯ ಗುಂಡಿಯಲ್ಲಿ ಗಾಡಿ ಜೋರಾಗಿ ಕುಲುಕಿತು, ನಿಲ್ಲಲಿಲ್ಲ.