ಖಾಲಿ ಹಿಂತಿರುಗಿದ ತೊಟ್ಟಿಲು

ಆ ದಿನ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಮೋಡ ತಗ್ಗಿ ತಾರಸಿಗಳಿಗೆ ತಾಗುವಂತಿತ್ತು. ಮಳೆಯೂ ಬರಲೊಲ್ಲದು, ಬಿಸಿಲೂ ಬರಲೊಲ್ಲದು. ತಂತಿಯ ಮೇಲೆ ಹರವಿದ ಕೂಸಿನ ಬಟ್ಟೆಗಳು ಅಲುಗಾಡದೆ ನೇತುಬಿದ್ದಿದ್ದವು. ಬೀದಿಯ ನಡುಮನೆಯಲ್ಲಿ ತೊಟ್ಟಿಲಜ್ಜಿ ಬೀಸಣಿಗೆ ಹಿಡಿದು ತೊಟ್ಟಿಲಲ್ಲಿದ್ದ ಎಳೆಯ ಮೊಮ್ಮಗಳ ಪಕ್ಕ ಕುಳಿತಿದ್ದಳು.

ಅವಳಿಗೆ ಆ ಹೆಸರು ಬಂದದ್ದು ಬೀದಿಗೆಲ್ಲ ಅವಳ ಮನೆಯದೇ ತೊಟ್ಟಿಲಾದ್ದರಿಂದ. ತೂಗುವ ತೊಟ್ಟಿಲಲ್ಲ, ನಾಲ್ಕು ಕಾಲಿನ ಮೇಲೆ ನಿಲ್ಲುವ, ಸುತ್ತ ಮರದ ಕಂಬಿಗಳಿರುವ ತೊಟ್ಟಿಲು. ಬಡಗಿಯಾಗಿದ್ದ ಅವಳ ಗಂಡ ಮಗ ಹುಟ್ಟುವ ಮುಂಚೆಯೇ ಮಾಡಿದ್ದು. "ಕೂಸು ಹುಟ್ಟೋ ಮುಂಚೆ ಕುಲಾವಿಯಾ?" ಎಂದು ಬೀದಿಯವರು ನಕ್ಕಿದ್ದರು. ಆತ ಉಜ್ಜುಕಾಗದ ತಿಕ್ಕುತ್ತಲೇ ಇದ್ದ. ಆಮೇಲೆ ನಕ್ಕವರೇ ಒಬ್ಬೊಬ್ಬರಾಗಿ ಬಂದು, "ನಮಗೂ ಸ್ವಲ್ಪ ದಿನ ಕೊಡಿ" ಎಂದು ಎರವಲು ಒಯ್ದರು. ಈಗ ಆತ ಇಲ್ಲ. ತೊಟ್ಟಿಲು ಮನೆಯಿಂದ ಮನೆಗೆ ತಿರುಗುತ್ತಲೇ ಇತ್ತು.

ತಿರುಗುತ್ತ ತಿರುಗುತ್ತ ಅದರ ಹಳೆಯ ಹಾಸಿಗೆ ಹಾಳಾಯಿತು. ಯಾರೋ ಬೇರೊಂದು ತಂದು ಹಾಕಿದರು. ಅದರ ಅಗಲ ಸಾಲಲಿಲ್ಲ. ಪಕ್ಕದಲ್ಲಿ ಉಳಿದ ಸಂದಿ ಮುಚ್ಚಲು ಅಜ್ಜಿಯೇ ನೀಲಿ ಬಟ್ಟೆಯ ಒಂದು ಉದ್ದ ದಿಂಬು ಹೊಲಿದಳು. ಅದನ್ನು ಕಂಡು ಮುಂದಿನ ಮನೆಯವರು ಹಿಂದಿರುಗಿಸುವಾಗ ಇನ್ನೊಂದು ದಿಂಬು ಇಟ್ಟರು. ಅದರ ಮುಂದಿನವರು, "ಅವರು ಇಟ್ಟಿದ್ದಾರೆ, ನಾವು ಇಡದಿದ್ದರೆ ಚೆನ್ನಾಗಿರಲ್ಲ" ಎಂದು ಮತ್ತೊಂದು ಇಟ್ಟರು. ಹೀಗೆ ತೊಟ್ಟಿಲು ಖಾಲಿ ಹಿಂತಿರುಗಬಾರದು ಎಂಬುದು ಬೀದಿಯ ನಡವಳಿಕೆಯೇ ಆಯಿತು. ಯಾರೂ ಮಾಡಿದ ಕಟ್ಟಳೆಯಲ್ಲ. ಪ್ರೀತಿಯಿಂದ ತಾನಾಗಿ ಬೆಳೆದದ್ದು.

ಒಂದೇ ಒಂದು ಮನೆಯಿಂದ ಅದು ಖಾಲಿ ಬಂದಿತ್ತು.

ಬೀದಿಯ ತಿರುವಿನಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವಳಿಗೊಂದು ಗಂಡು ಕೂಸು ಹುಟ್ಟಿತ್ತು. ಇದೇ ತೊಟ್ಟಿಲು ಅಲ್ಲಿಗೂ ಹೋಗಿತ್ತು. ಕೂಸು ಒಂದು ಮಧ್ಯಾಹ್ನ ಮಲಗಿದ್ದು ಏಳಲಿಲ್ಲ. "ದೇವರು ಕೊಟ್ಟ, ದೇವರೇ ಕರಕೊಂಡ" ಎಂದರು ಜನ. ಅವಳು ದಿಂಬುಗಳನ್ನೆಲ್ಲ ಗಂಟು ಕಟ್ಟಿ ಬೇರೆ ಕಳಿಸಿ, ಬರಿಯ ತೊಟ್ಟಿಲನ್ನು ಅಜ್ಜಿಯ ಬಾಗಿಲಲ್ಲಿ ಇಳಿಸಿ ಹೋದಳು. ಹೊಸದಾಗಿ ಏನನ್ನೂ ಹೊಲಿದಿರಲಿಲ್ಲ.

ಅಜ್ಜಿ ಕೆಟ್ಟವಳಲ್ಲ. ಆದರೆ ನಲ್ಲಿಯ ಹತ್ತಿರ ಬಿಂದಿಗೆ ತುಂಬುವಾಗ ಬಾಯಿ ಸುಮ್ಮನಿರುವುದಿಲ್ಲ. "ದುಃಖ ಇರತ್ತೆ, ಇಲ್ಲ ಅನ್ನಲ್ಲ. ಆದರೂ ಅಂಗೈಯಗಲದ ಒಂದು ದಿಂಬು ಹೊಲಿಯೋಕೆ ಕೈ ಬರಲಿಲ್ವಾ? ಆ ಮನೆ ಬಾಕಿ ಹಾಗೇ ಇದೆ ನೋಡು" ಎಂದಿದ್ದಳು. ಆ ಮಾತು ಅವತ್ತೇ ತಿರುವು ದಾಟಿ ಮೆಟ್ಟಿಲ ಕೆಳಗೆ ತಲುಪಿತು. ಆಮೇಲೆ ಇಸ್ತ್ರಿಯಕ್ಕ ಬಟ್ಟೆ ಕೊಡಲು ಬಂದರೂ ಅಜ್ಜಿಯ ಮನೆಯ ಹೊಸ್ತಿಲು ದಾಟಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗಾಳಿಯಿಲ್ಲದ ಆ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಚೀಲ ನೇತುಹಾಕಿಕೊಂಡು ಒಳಗೆ ಬಂದಳು.

"ಬಂದಳಪ್ಪ ಸೂಜಿಯಮ್ಮ. ತೋಳು ಮುಚ್ಕೊಳ್ಳಿ" ಅಂದಳು ಅಜ್ಜಿ.

"ಇವತ್ತು ಸೂಜಿ ಇಲ್ಲ ಅಜ್ಜಿ. ಬರೀ ಬಾಯಿ."

"ಅದು ಸೂಜಿಗಿಂತ ಜೋರು."

ನರ್ಸಮ್ಮ ನಕ್ಕು, ಕೈ ತೊಳೆದು ತೊಟ್ಟಿಲ ಕಡೆ ಬಗ್ಗಿದಳು. ನಗು ಅಲ್ಲೇ ನಿಂತಿತು. ಸುತ್ತ ದಿಂಬು, ತಲೆಯ ಹತ್ತಿರ ದಿಂಬು, ಕಾಲ ಮೇಲೆ ದಪ್ಪ ಹೊದಿಕೆ, ಮೂಲೆಯಲ್ಲಿ ಹತ್ತಿಯ ಬೊಂಬೆ. ನಡುವೆ ಕೂಸಿನ ಮೂಗಷ್ಟೇ ಕಾಣುತ್ತಿತ್ತು.

"ಇದು ತೊಟ್ಟಿಲಾ, ಹತ್ತಿ ಅಂಗಡಿಯಾ ಅಜ್ಜಿ?"

"ಹಾಗನ್ನಬೇಡ ಮಗಳೇ. ಒಂದೊಂದು ದಿಂಬೂ ಒಂದೊಂದು ಮನೆ ಹಾರೈಕೆ. ಇದು ಹಾಲಿನವಳ ಮನೆಯದು. ಇದು ಟಪಾಲಿನವರದ್ದು, ಹೊಲಿಗೆ ಸೊಟ್ಟ, ಮನಸ್ಸು ನೆಟ್ಟಗೆ."

"ಹಾರೈಕೆ ತೊಟ್ಟಿಲ ಹೊರಗಿದ್ರೂ ತಲುಪತ್ತೆ. ಇವೆಲ್ಲ ತೆಗೀಬೇಕು."

"ತೆಗೆದು? ಬರೀ ಹಲಗೆ ಮೇಲೆ ಮಲಗಿಸಲಾ? ಚಪಾತಿ ಅಲ್ಲಮ್ಮ ಇದು, ಕೂಸು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ ಹೇಳಿದಳು: "ಅತ್ತೆ, ನಿನ್ನೆ ಇವಳ ಮುಖ ಆ ನೀಲಿ ದಿಂಬಿಗೆ ಒತ್ತಿಕೊಂಡಿತ್ತು. ನಾನೇ ತಿರುಗಿಸಿದೆ. ನಿಮಗೂ ಹೇಳಿದೆ."

"ಹೇಳಿದೆ, ಕೇಳಿದೆ. ಮೆತ್ತಗಿರೋ ಕಡೆ ಕೂಸು ಮುಖ ಇಡತ್ತೆ. ನೀನೇನು ಕಲ್ಲಿಗೆ ಮುಖ ಇಟ್ಟು ಬೆಳೆದೆಯಾ?"

ನರ್ಸಮ್ಮ ಕೂಸನ್ನು ಎತ್ತಿ ಅವಳ ಕೈಗೆ ಕೊಟ್ಟು, ನೀಲಿ ದಿಂಬನ್ನು ತೆಗೆದು ಅಜ್ಜಿಯ ಮುಂದೆ ಹಿಡಿದಳು.

"ಅಜ್ಜಿ, ಇದಕ್ಕೆ ಮೂಗು ಬಾಯಿ ಎರಡೂ ಒತ್ತಿ. ಹಾಗೇ ಉಸಿರಾಡಿ ನೋಡಿ."

"ಮುದುಕೀನ ಸಾಯಿಸೋಕೆ ಬಂದ್ಯಾ?" ಎನ್ನುತ್ತಲೇ ಅಜ್ಜಿ ಮುಖ ಒತ್ತಿದಳು. ಸ್ವಲ್ಪ ಹೊತ್ತಿಗೆಲ್ಲ ತಲೆ ಮೇಲೆತ್ತಿ ಏದುಸಿರು ಬಿಟ್ಟಳು.

"ಏನಾಯ್ತು?"

"ಏನಾಗತ್ತೆ? ಉಸಿರು ಕಟ್ಟಿತು. ತಲೆ ಎತ್ತಿದೆ."

"ನಿಮಗೆ ತಲೆ ಎತ್ತೋಕೆ ಬಂತು ಅಜ್ಜಿ. ಕೂಸಿಗೆ ಬರಲ್ಲ. ಅಳೋಕೂ ಆಗಲ್ಲ, ಬಾಯಿ ಮುಚ್ಚಿರತ್ತಲ್ಲ. ಸದ್ದಿಲ್ಲದೆ ಆಗಿಹೋಗತ್ತೆ."

ಅಷ್ಟರಲ್ಲಿ ಬಾಗಿಲ ಹೊರಗೆ ಬುಟ್ಟಿ ನೆಲಕ್ಕಿಟ್ಟ ಸದ್ದಾಯಿತು. ಇಸ್ತ್ರಿಯಕ್ಕ ಮಡಿಸಿದ ಬಟ್ಟೆ ತಂದು ಹೊಸ್ತಿಲ ಆಚೆ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ.

"ಅಳೋಕೂ ಆಗಲ್ವಾ, ನರ್ಸಮ್ಮ?" ಎಂದು ಕೇಳಿದಳು.

ನರ್ಸಮ್ಮ ಈ ಬೀದಿಗೆ ಹೊಸಬಳು. "ಇಲ್ಲ ಅಕ್ಕ, ಎಷ್ಟೋ ಸಲ ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ" ಅಂದಳು.

"ನಾನು ಪಕ್ಕದಲ್ಲೇ ಇಸ್ತ್ರಿ ಮಾಡ್ತಿದ್ದೆ" ಅಂದಳು ಇಸ್ತ್ರಿಯಕ್ಕ. "ಅವನು ಅಳಲೇ ಇಲ್ಲ. ಒಳ್ಳೆ ಕೂಸು, ನನಗೆ ಕೆಲಸ ಮಾಡೋಕೆ ಬಿಟ್ಟು ಮಲಗಿದೆ ಅಂದ್ಕೊಂಡೆ. ಒಂದು ರಾಶಿ ಮುಗಿಸಿ ಇನ್ನೊಂದು ರಾಶಿ ತಗೊಂಡೆ." ಅವಳ ಕಣ್ಣು ಅಜ್ಜಿಯ ಮಡಿಲಲ್ಲಿದ್ದ ದಿಂಬಿನ ಮೇಲಿತ್ತು. "ಆ ನೀಲಿ ದಿಂಬು ಆಗಲೂ ಇತ್ತು."

ನರ್ಸಮ್ಮನಿಗೆ ಆಗ ಅರ್ಥವಾಯಿತು. ಅವಳು ಹೊಸ್ತಿಲ ತನಕ ಹೋಗಿ ಇಸ್ತ್ರಿಯಕ್ಕನ ಕೈ ಹಿಡಿದಳು.

"ಅಕ್ಕ, ಅವತ್ತು ಏನಾಯ್ತು ಅಂತ ಇವತ್ತು ಯಾರೂ ಹೇಳೋಕಾಗಲ್ಲ. ನಾನೂ ಹೇಳಲ್ಲ. ಕೆಲವು ಕೂಸುಗಳು ಯಾವ ಕಾರಣವೂ ಕಾಣದೆ ಹೋಗಿಬಿಡ್ತವೆ. ಆದರೆ ನಿನ್ನ ತಪ್ಪು ಅಂತ ಮಾತ್ರ ಅನ್ಕೋಬೇಡ. ನಿನಗೆ ಯಾರೂ ಹೇಳಿರಲಿಲ್ಲ."

"ಹೌದು," ಅಂದಳು ಇಸ್ತ್ರಿಯಕ್ಕ. "ಯಾರೂ ಹೇಳಿರಲಿಲ್ಲ." ಬುಟ್ಟಿಯ ಬಟ್ಟೆಗಳನ್ನು ಬಾಗಿಲಲ್ಲಿಟ್ಟು ಹೊರಟುಹೋದಳು.

ಅಜ್ಜಿ ಬಹಳ ಹೊತ್ತು ಆ ದಿಂಬಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕುಳಿತಿದ್ದಳು. ಇಸ್ತ್ರಿಯಕ್ಕನಿಗೆ ತೊಟ್ಟಿಲು ಕೊಡುವ ದಿನ ತಾನೇ ಅದನ್ನು ತಲೆಯ ಹತ್ತಿರ ಒತ್ತಿಟ್ಟು, "ಗಟ್ಟಿ ಜಾಗ ತಾಗಬಾರದು ಕಣೇ ಕೂಸಿಗೆ" ಎಂದು ಬುದ್ಧಿ ಹೇಳಿ ಕಳಿಸಿದ್ದು ನೆನಪಾಯಿತು. ಆಮೇಲೆ ನಲ್ಲಿಯ ಹತ್ತಿರ ಆಡಿದ ಮಾತೂ ನೆನಪಾಯಿತು.

"ಅವಳು ಖಾಲಿ ತಂದಿಟ್ಟಳು ಅಂದಿದ್ದೆ ನಾನು" ಅಂದಳು. "ಏನನ್ನ ಹೊಲೀತಾಳೆ ಆ ತಾಯಿ? ಯಾರಿಗೆ ಅಂತ ಹೊಲೀತಾಳೆ?"

ಅಜ್ಜಿ ಎದ್ದು, ತೊಟ್ಟಿಲಿನಿಂದ ದಿಂಬುಗಳನ್ನು ತಾನೇ ಒಂದೊಂದಾಗಿ ಹೊರಗೆ ತೆಗೆದಳು. ಹೊದಿಕೆ ತೆಗೆದಳು, ಬೊಂಬೆ ತೆಗೆದಳು. ಕೊನೆಗೆ ಸಣಕಲು ಹಾಸಿಗೆಯೊಂದೇ ಉಳಿಯಿತು. ಅದರ ಪಕ್ಕದಲ್ಲಿ ಅವಳ ಇಡೀ ಅಂಗೈ ಇಳಿಯುವಷ್ಟು ಸಂದಿ.

"ಈ ಸಂದಿಗೂ ಕೂಸು ಜಾರತ್ತೆ ಅಜ್ಜಿ" ಅಂದಳು ನರ್ಸಮ್ಮ. "ದಿಂಬು ತುರುಕಿ ಮುಚ್ಚೋದಲ್ಲ, ಅಳತೆಗೆ ಸರಿಯಾದ ಹಾಸಿಗೆಯೇ ಬೇಕು. ಅದೂ ಗಟ್ಟಿಯಾಗಿರೋದು." ಆಮೇಲೆ ಚೀಲದಿಂದ ತಂಪು ಪಾನೀಯದ ಖಾಲಿ ಡಬ್ಬಿ ತೆಗೆದಳು.

ಬೇರೆ ದಿನವಾಗಿದ್ದರೆ ಅಜ್ಜಿ, "ಔಷಧಿ ಬಿಟ್ಟು ಸೋಡಾ ಮಾರೋಕೆ ಹೊರಟ್ಯಾ?" ಎನ್ನುತ್ತಿದ್ದಳು. ಇವತ್ತು ಸುಮ್ಮನೆ ನೋಡಿದಳು. ನರ್ಸಮ್ಮ ಆ ಡಬ್ಬಿಯನ್ನು ಒಂದೊಂದು ಕಂಬಿಯ ನಡುವೆ ಇಟ್ಟು ತಳ್ಳಿದಳು. ಎಲ್ಲೂ ತೂರಲಿಲ್ಲ. ಒಂದು ಕಡೆ ಮಾತ್ರ, ಮುರಿದ ಕಂಬಿಯ ಬದಲು ಯಾರೋ ಬಟ್ಟೆಯ ಪಟ್ಟಿ ಬಿಗಿದಿದ್ದ ಕಡೆ, ಡಬ್ಬಿ ಆಚೆ ಬಿದ್ದು ಉರುಳಿತು.

"ಡಬ್ಬಿ ತೂರೋ ಕಡೆ ಕೂಸಿನ ಮೈ ತೂರತ್ತೆ. ಮೈ ಆಚೆ ಹೋಗತ್ತೆ, ತಲೆ ಸಿಕ್ಕಿಕೊಳ್ಳತ್ತೆ. ಇಲ್ಲಿ ಹೊಸ ಕಂಬಿ ಕೂರಿಸಿ. ಆಮೇಲೆ ಈ ಸ್ಕ್ರೂಗಳನ್ನೆಲ್ಲ ಬಿಗಿಸಿ. ಉಳಿದದ್ದಕ್ಕೆ ಹೆಸರಿಡೋ ಹಾಗಿಲ್ಲ. ಮಾಡಿದವರ ಕೈ ದೊಡ್ಡದು ಅಜ್ಜಿ. ಆಮೇಲೆ ನಾವು ಸೇರಿಸಿದ್ದೇ ತೊಂದರೆ."

"ಅವರು ಬರೀ ಗಟ್ಟಿ ಹಾಸಿಗೆ ಹಾಕಿದ್ದರು" ಅಂದಳು ಅಜ್ಜಿ. "ನಿಮ್ಮದು ಕಲ್ಲು ಮನಸ್ಸು ಅಂತ ನಾನು ಬೈದಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು."

ಅವತ್ತು ಸಂಜೆ ಮಗ ಬಸ್ ಡಿಪೋದ ಕೆಲಸ ಮುಗಿಸಿ ಬಂದವನೇ ತೊಟ್ಟಿಲನ್ನು ಬಡಗಿಯ ಹತ್ತಿರ ಒಯ್ದ. ಹೊಸ ಕಂಬಿ ಬಂತು, ಅಳತೆಗೆ ಕತ್ತರಿಸಿದ ಗಟ್ಟಿ ಹಾಸಿಗೆ ಬಂತು. ತೊಟ್ಟಿಲನ್ನು ಮೊದಲಿನಂತೆ ಕಿಟಕಿಯ ಹತ್ತಿರ ಇಡದೆ ತಾಯಿಯ ಮಂಚದ ಪಕ್ಕ ಇಟ್ಟರು. ಕೂಸನ್ನು ಅಂಗಾತ ಮಲಗಿಸಿದರು. ದಿಂಬುಗಳು ದೊಡ್ಡವರ ಬೆನ್ನಿಗೆ ಹೋದವು. ನೀಲಿ ದಿಂಬಿನ ಹೊಲಿಗೆಯನ್ನು ಅಜ್ಜಿ ತಾನೇ ಬಿಚ್ಚಿದಳು.

ಮರುದಿನ ಅವಳು ಬೀದಿಯ ತಿರುವಿಗೆ ಹೋದಳು. ಇಸ್ತ್ರಿಯಕ್ಕ ಒಂದು ದೊಡ್ಡ ಹಾಸುಬಟ್ಟೆಯನ್ನು ಒಬ್ಬಳೇ ಮಡಿಸಲು ಹೆಣಗುತ್ತಿದ್ದಳು. ಅಜ್ಜಿ ಅದರ ಇನ್ನೊಂದು ತುದಿ ಹಿಡಿದುಕೊಂಡಳು.

"ನಾನು ನಲ್ಲಿ ಹತ್ತಿರ ಆಡಿದ ಮಾತು..." ಎಂದು ಶುರುಮಾಡಿದಳು.

"ಆ ತುದಿ ಬಿಗಿಯಾಗಿ ಹಿಡೀರಿ ದೊಡ್ಡಮ್ಮ" ಅಂದಳು ಇಸ್ತ್ರಿಯಕ್ಕ. ಇಬ್ಬರೂ ಸೇರಿ ಆ ರಾಶಿಯನ್ನೆಲ್ಲ ಮಡಿಸಿದರು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ತೊಟ್ಟಿಲಿರಬಹುದು. ಹೊಸದಾಗಲಿ, ಎರವಲಾಗಲಿ, ಕೂಸನ್ನು ಮಲಗಿಸುವ ಮುಂಚೆ ಒಮ್ಮೆ ಅದರ ಮುಂದೆ ಕುಳಿತು ನೋಡಿ. ಕಂಬಿಗಳ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಬೇಡ. ತಂಪು ಪಾನೀಯದ ಡಬ್ಬಿ ತೂರಿದರೆ ಸರಿ ಮಾಡಿಸುವ ತನಕ ಆ ತೊಟ್ಟಿಲು ಬೇಡ. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಅದಕ್ಕೂ ಪಕ್ಕದ ಕಂಬಿಗೂ ನಡುವೆ ಎರಡು ಬೆರಳು ಇಳಿಯುವಷ್ಟು ಜಾಗವೂ ಉಳಿಯದಿರಲಿ. ಮುರಿದದ್ದನ್ನು ಹಗ್ಗ, ಬಟ್ಟೆ ಕಟ್ಟಿ ನಿಭಾಯಿಸಬೇಡಿ. ಸರಿ ಮಾಡಿಸಲು ಆಗದಿದ್ದರೆ ಅದು ಎಷ್ಟೇ ಹಿರಿಯರದಾಗಲಿ, ಕೈ ಮುಗಿದು ಪಕ್ಕಕ್ಕಿಡಿ. ಒಳಗೆ ದಿಂಬು, ಬೊಂಬೆ, ದಪ್ಪ ಹೊದಿಕೆ ಯಾವುದೂ ಬೇಡ. ಚಳಿಯಾದರೆ ಮೈಗೆ ಇನ್ನೊಂದು ಅಂಗಿ ತೊಡಿಸಿ. ಪ್ರತಿ ಸಲವೂ ಅಂಗಾತವೇ ಮಲಗಿಸಿ. ಪರದೆಯ ದಾರ, ವೈರು ಕೂಸಿನ ಕೈಗೆ ಎಟುಕದಿರಲಿ. ತೊಟ್ಟಿಲು ನಿಮ್ಮ ಕೋಣೆಯಲ್ಲೇ ಇರಲಿ. ಅನುಮಾನ ಬಂದರೆ ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಕೇಳಿದರೆ ಯಾರೂ ಚಿಕ್ಕವರಾಗುವುದಿಲ್ಲ. ಕೂಸನ್ನು ಕಳೆದುಕೊಂಡ ತಾಯಿ ನಿಮ್ಮ ಬೀದಿಯಲ್ಲಿದ್ದರೆ ಅವಳ ಬಗ್ಗೆ ನಲ್ಲಿಯ ಹತ್ತಿರ ಮಾತಾಡಬೇಡಿ. ಕೊಡುವವನು ದೇವರು, ನಿಜ. ಕೊಟ್ಟದ್ದನ್ನು ಎಲ್ಲಿ ಮಲಗಿಸಬೇಕೆಂದು ನೋಡಿಕೊಳ್ಳುವ ಕೆಲಸವನ್ನು ಅವನು ನಮಗೇ ಬಿಟ್ಟಿದ್ದಾನೆ.

ಇನ್ನೊಂದು ಮಾತು ಹೇಳುವುದು ಉಳಿದಿದೆ.

ಕೆಲವು ದಿನಗಳಾದ ಮೇಲೆ, ತಂತಿಯ ಮೇಲಿನ ಬಟ್ಟೆಗಳು ಗಾಳಿಗೆ ಹಾರಾಡುತ್ತಿದ್ದ ಒಂದು ಬೆಳಿಗ್ಗೆ, ಇಸ್ತ್ರಿಯಕ್ಕ ಅಜ್ಜಿಯ ಮನೆಗೆ ಬಂದಳು. ಬುಟ್ಟಿಯನ್ನು ಹೊರಗಿಟ್ಟು ಹೊಸ್ತಿಲು ದಾಟಿದಳು. ಕೈಯಲ್ಲಿ ಬಿಳಿ ಬಟ್ಟೆಯ ಒಂದು ಹಾಸು ಇತ್ತು. ಹೊಸ ಹಾಸಿಗೆಯ ಅಳತೆಯನ್ನು ಬಡಗಿಯಿಂದ ಕೇಳಿಕೊಂಡು, ನಾಲ್ಕು ಮೂಲೆಗೂ ಬಿಗಿಯಾಗಿ ಕೂರುವಂತೆ ಹೊಲಿದಿದ್ದಳು. ಎಲ್ಲೂ ಒಂದು ಸುಕ್ಕಿರಲಿಲ್ಲ. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.

"ಬಾಕಿ ಇತ್ತಲ್ಲ, ದೊಡ್ಡಮ್ಮ" ಎಂದು ಮೆಲ್ಲಗೆ ಹೇಳಿ ಅದನ್ನು ಅಜ್ಜಿಯ ಕೈಯಲ್ಲಿಟ್ಟಳು.